ಆರು ಈಡು, ಒಂದು ಕಾಯ್ದೆ

ಕರಿಮದ್ದಿನ ರಿವಾಲ್ವರ್‌ಗಳಲ್ಲಿ ಅತಿ ಬಲಶಾಲಿ ಯಾವುದು? ಅಮೆರಿಕದ ವಾಕರ್‌ನಿಂದ ಇಟಲಿಯ ಇಂದಿನ ನಕಲುಗಳವರೆಗೆ ತೂಗಿ ನೋಡುವ ಈ ಕಥೆಯ ಒಂದು ಎಳೆ ನರಗುಂದದ ಮಗ್ಗುಲಲ್ಲೇ ಇದೆ.

1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಒಂದು ರಿವಾಲ್ವರ್ ಸಿಡಿಯಿತು. ಹಾರಿಸಿದವನು ಚಾರ್ಲ್ಸ್ ಮ್ಯಾನ್ಸನ್. ದಕ್ಷಿಣ ಮರಾಠಾ ಸೀಮೆಯ ಸಂಸ್ಥಾನಗಳ ಮೇಲೆ ಕಣ್ಣಿಡಲು ಕಂಪನಿ ಸರ್ಕಾರ ನೇಮಿಸಿದ್ದ ಪೊಲಿಟಿಕಲ್ ಏಜೆಂಟ್ ಆತ. ರಾಮದುರ್ಗದಿಂದ ಹೊರಟು ಪಲ್ಲಕ್ಕಿಯಲ್ಲೇ ನಿದ್ದೆ ಹೋಗಿದ್ದವನು ಗದ್ದಲಕ್ಕೆ ಎಚ್ಚೆತ್ತು ಗುಂಡು ಹಾರಿಸಿದ, ಮೇಲೆ ಬಿದ್ದವರಲ್ಲಿ ಒಬ್ಬನಿಗೆ ಗಾಯವಾಯಿತು ಎಂದು ಬ್ರಿಟಿಷರ ಬರಹಗಳು ಹೇಳುತ್ತವೆ. ಅಷ್ಟೇ. ನರಗುಂದದ ಸಂಸ್ಥಾನಿಕ ಬಾಬಾಸಾಹೇಬ ಭಾಸ್ಕರರಾವ್ ಭಾವೆಯವರ ಜನ ಕತ್ತಿ ಹಿರಿದು ಸುತ್ತುವರಿದಾಗಿತ್ತು. ಬೆಳಗಾಗುವಷ್ಟರಲ್ಲಿ ಮ್ಯಾನ್ಸನ್ನನ ತಲೆ ನರಗುಂದದ ಅಗಸೆಯತ್ತ ಸಾಗಿತ್ತು.

ಅಸೂಟಿ, ಕೊಣ್ಣೂರು, ಹೊಳೆಆಲೂರು ಕಡೆಯ ಎರೆಸೀಮೆಯಲ್ಲಿ ಈ ಕಥೆ ಗೊತ್ತಿಲ್ಲದ ಹಿರಿಯರು ಕಡಿಮೆ. ದತ್ತು ತೆಗೆದುಕೊಳ್ಳಲು ಬಿಡದ ಸರ್ಕಾರ, ಬಾಬಾಸಾಹೇಬರು ಸಂಗ್ರಹಿಸಿದ್ದ ಸಾವಿರಾರು ಸಂಸ್ಕೃತ ಗ್ರಂಥಗಳು, ಜೂನ್ ಮೊದಲ ದಿನಗಳಲ್ಲೇ ಬಂದೆರಗಿದ ಕರ್ನಲ್ ಮಾಲ್ಕಮ್‌ನ ದಂಡು, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲು, ಎಲ್ಲವೂ ಮಾತಿಗೆ ಬರುತ್ತವೆ. ಮ್ಯಾನ್ಸನ್ನನ ಕೈಯಲ್ಲಿದ್ದ ಆ ಯಂತ್ರದ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ಆ ಕಾಲಕ್ಕೆ ಅದು ಜಗತ್ತಿನ ಹೊಚ್ಚ ಹೊಸ ಆಯುಧ. ಮರುತುಂಬದೆ ಐದೋ ಆರೋ ಈಡು ಹಾರಿಸಬಲ್ಲ ಪಿಸ್ತೂಲು. ಅಂಥದ್ದು ಕೈಯಲ್ಲಿದ್ದೂ ಆತ ಉಳಿಯಲಿಲ್ಲ.

ಇದನ್ನು ನೆನಪಿನಲ್ಲಿಟ್ಟುಕೊಂಡೇ 'ಅತಿ ಬಲಶಾಲಿ ರಿವಾಲ್ವರ್ ಯಾವುದು' ಎಂಬ ಪ್ರಶ್ನೆಗೆ ಕೈ ಹಾಕಬೇಕು. ಬಂದೂಕಿನ ಹುಚ್ಚಿರುವವರು ಈ ಪ್ರಶ್ನೆಗೆ ಮದ್ದಿನ ತೂಕದಲ್ಲಿ, ಗುಂಡಿನ ವೇಗದಲ್ಲಿ ಉತ್ತರ ಹೇಳುತ್ತಾರೆ. ಆ ಲೆಕ್ಕವೂ ಇಲ್ಲಿದೆ. ಆದರೆ ರಿವಾಲ್ವರ್ ಯಾರ ಕೈಗೆ ಬಂತು, ಯಾರ ಕೈಯಿಂದ ಕಿತ್ತುಕೊಳ್ಳಲಾಯಿತು ಎಂಬ ಲೆಕ್ಕವನ್ನು ಬಿಟ್ಟರೆ ಉತ್ತರ ಅರ್ಧವೇ ಆದೀತು.

ಮದ್ದು ಮತ್ತು ಅದರ ಮೊಂಡುತನ

ಕರಿಮದ್ದಿನಲ್ಲಿ ಇರುವುದು ಮೂರೇ ವಸ್ತು: ಪೆಟ್ಲುಪ್ಪು, ಇದ್ದಿಲು, ಗಂಧಕ. ನಾಲ್ಕರಲ್ಲಿ ಮೂರು ಪಾಲು ಪೆಟ್ಲುಪ್ಪೇ. ಹದಿನೆಂಟನೆಯ ಶತಮಾನದಲ್ಲಿ ಬಿಹಾರದ ಪೆಟ್ಲುಪ್ಪು ಹಡಗು ಹಡಗಾಗಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಕಂಪನಿ ಬಂಗಾಳವನ್ನು ಬಿಗಿಯಾಗಿ ಹಿಡಿದುಕೊಳ್ಳಲು ಇದೂ ಒಂದು ಕಾರಣ. ನಮ್ಮ ಕೋಟೆಗಳಲ್ಲೂ ಮದ್ದಿನಮನೆಗಳಿದ್ದವು. 2018ರಲ್ಲಿ ಹೊಸನಗರ ತಾಲೂಕಿನ ನಗರದ ಪಾಳು ಬಾವಿಯೊಂದರ ಕೆಸರಿನಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಹೊರಬಂದದ್ದು ಓದುಗರಿಗೆ ನೆನಪಿರಬಹುದು. 1785ರಲ್ಲಿ ಇದೇ ನರಗುಂದಕ್ಕೆ ಮುತ್ತಿಗೆ ಹಾಕಿದ್ದೂ ಟಿಪ್ಪುವಿನ ಸೈನ್ಯವೇ. ಅದರಿಂದ ಹೊತ್ತಿಕೊಂಡ ಮರಾಠರ ಜೊತೆಗಿನ ಯುದ್ಧ ಮುಗಿದದ್ದು ಗಜೇಂದ್ರಗಡದ ಒಪ್ಪಂದದಲ್ಲಿ. ಈ ಸೀಮೆಗೆ ಮದ್ದಿನ ವಾಸನೆ ಹೊಸದಲ್ಲ.

ಈ ಮದ್ದಿಗೆ ಒಂದು ಮೊಂಡುತನವಿದೆ. ಸುಟ್ಟಾಗ ಅರ್ಧಕ್ಕಿಂತ ಕಡಿಮೆ ಪಾಲು ಮಾತ್ರ ಅನಿಲವಾಗಿ ಗುಂಡನ್ನು ತಳ್ಳುತ್ತದೆ. ಉಳಿದದ್ದೆಲ್ಲ ಹೊಗೆ, ಮಸಿ. ಒಂದೇ ನಳಿಗೆಯ ಬಂದೂಕಿನಲ್ಲಿ ಮಸಿ ಕಟ್ಟಿದರೆ ಗುಂಡು ಇಳಿಸುವುದು ಕಷ್ಟವಾಗುತ್ತದೆ, ಅಷ್ಟೇ. ರಿವಾಲ್ವರಿನಲ್ಲಿ ಹಾಗಲ್ಲ. ಅಲ್ಲಿ ಗುಂಡುಗಳ ಸಿಲಿಂಡರ್ ತಿರುಗಬೇಕು. ಸಿಲಿಂಡರಿಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು. ಆ ಸಂದಿನಲ್ಲಿ ಮಸಿ ಮೆತ್ತಿಕೊಂಡರೆ ಯಂತ್ರ ಬಿಗಿದು ನಿಲ್ಲುತ್ತದೆ. ಮಸಿ ಗಾಳಿಯ ತೇವವನ್ನೂ ಹೀರುತ್ತದೆ. ಸಂಜೆ ಹಾರಿಸಿದ ರಿವಾಲ್ವರನ್ನು ಬಿಸಿನೀರು, ಸೋಪು ಹಾಕಿ ತೊಳೆಯದೆ ಮಲಗಿದರೆ ಬೆಳಿಗ್ಗೆಗೆ ತುಕ್ಕು ಕಾಣುತ್ತದೆ. ಆದ್ದರಿಂದ ಕರಿಮದ್ದಿನ ರಿವಾಲ್ವರಿನಲ್ಲಿ ಬಲ ಹೆಚ್ಚಿಸುವುದೆಂದರೆ ಬರೀ ಮದ್ದು ಹೆಚ್ಚು ಸುರಿಯುವುದಲ್ಲ. ಹೆಚ್ಚು ಮದ್ದಿಗೆ ಉದ್ದದ ಸಿಲಿಂಡರ್ ಬೇಕು, ಸಿಲಿಂಡರ್ ಉದ್ದವಾದರೆ ತೂಕ ಏರುತ್ತದೆ, ಮಸಿಯೂ ಏರುತ್ತದೆ.

ತುಂಬುವ ಕ್ರಮವೂ ನಿಧಾನದ್ದು. ಆರು ಕೋಣೆಗಳಿಗೆ ಒಂದೊಂದಾಗಿ ಮದ್ದು ಸುರಿಯಬೇಕು. ಕೋಣೆಯ ಬಾಯಿಗಿಂತ ಒಂದು ಕೂದಲು ದಪ್ಪ ಇರುವ ಸೀಸದ ಗುಂಡನ್ನು ಮೇಲಿಟ್ಟು, ನಳಿಗೆಯ ಕೆಳಗಿನ ಸನ್ನೆಕೋಲಿನಿಂದ ಒತ್ತಬೇಕು. ಸೀಸದ ಅಂಚು ಉಂಗುರದಂತೆ ಕತ್ತರಿಸಿ ಹೊರಬಿದ್ದರೆ ಗುಂಡು ಬಿಗಿಯಾಗಿ ಕೂತಿತೆಂದು ಲೆಕ್ಕ. ಅದರ ಮೇಲೆ ಕೊಬ್ಬು ಸವರಬೇಕು. ಇಲ್ಲದಿದ್ದರೆ ಒಂದು ಕೋಣೆಯ ಕಿಡಿ ಪಕ್ಕದ ಕೋಣೆಗೆ ಹಾರಿ ಎರಡು ಮೂರು ಈಡು ಒಟ್ಟಿಗೆ ಸಿಡಿದು ಕೈಗೇ ಕುತ್ತು. ಕೊನೆಗೆ ಹಿಂಬದಿಯ ಆರು ತೊಟ್ಟುಗಳಿಗೆ, ಬಡಿದರೆ ಕಿಡಿ ಕಾರುವ ತಾಮ್ರದ ಆರು ಕೇಪು. ಮಲೆನಾಡಿನ ಕೇಪಿನ ಕೋವಿ ಬಲ್ಲವರಿಗೆ ಈ ಕಥೆ ಹೊಸದೇನಲ್ಲ. ಒಂದರ ಜಾಗದಲ್ಲಿ ಆರು, ಅಷ್ಟೇ ವ್ಯತ್ಯಾಸ. ಬಂದೂಕಿನ ತೋಟಾಕ್ಕೆ ಸವರಿದ ಕೊಬ್ಬಿಗಾಗಿ ಉತ್ತರದಲ್ಲಿ ಸಿಪಾಯಿಗಳು ದಂಗೆ ಎದ್ದ ವರ್ಷಗಳಲ್ಲೇ ಸಾಹೇಬರು ತಮ್ಮ ರಿವಾಲ್ವರಿನ ಬಾಯಿಗೆ ಕೊಬ್ಬು ಮೆತ್ತಿಕೊಳ್ಳುತ್ತಿದ್ದರು ಎಂಬುದನ್ನು ಇತಿಹಾಸದ ಕುಹಕ ಎನ್ನದೆ ಇನ್ನೇನು ಹೇಳೋಣ!

ಕಲ್ಕತ್ತೆಯ ಹಡಗಿನಲ್ಲಿ ಕೆತ್ತಿದ ಕನಸು

ರಿವಾಲ್ವರಿನ ಹುಟ್ಟುಕಥೆಯಲ್ಲೇ ಭಾರತ ಸುಳಿಯುತ್ತದೆ. 1830ರಲ್ಲಿ ಬಾಸ್ಟನ್ ಬಂದರಿನಿಂದ ಕಲ್ಕತ್ತೆಗೆ ಹೊರಟ ಕೊರ್ವೊ ಎಂಬ ಹಡಗಿನಲ್ಲಿ ಹದಿನಾರು ವಯಸ್ಸಿನ ಸ್ಯಾಮುಯೆಲ್ ಕೋಲ್ಟ್ ಕೂಲಿ ಹುಡುಗನಾಗಿದ್ದ. ಆ ಪಯಣದಲ್ಲಿ ಅವನು ತಿರುಗುವ ಸಿಲಿಂಡರಿನ ಪಿಸ್ತೂಲಿನ ಮಾದರಿಯನ್ನು ಕಟ್ಟಿಗೆಯಲ್ಲಿ ಕೆತ್ತಿದ. ಹಡಗಿನ ಚುಕ್ಕಾಣಿ ತಿರುಗುವುದನ್ನು ನೋಡಿ ಹೊಳೆಯಿತು ಎಂಬುದು ಕೋಲ್ಟ್ ಕಂಪನಿಯೇ ಬೆಳೆಸಿದ ಮಾತು. ಚಂದದ ಜಾಹೀರಾತು ಎಂದು ಬಿಟ್ಟುಬಿಡಬಹುದು. ಅಷ್ಟರಲ್ಲಾಗಲೇ ಎಲಿಶಾ ಕಾಲಿಯರ್ ಎಂಬಾತ ಚಕಮಕಿ ಕಲ್ಲಿನ ರಿವಾಲ್ವರ್ ಮಾಡಿದ್ದ. ಅದರ ಕೆಲವು ಪ್ರತಿಗಳು ಭಾರತಕ್ಕೂ ಬಂದಿದ್ದವು. ಅದಕ್ಕೂ ಹಿಂದೆ ನಮ್ಮ ನಾಡಿನ ಕುಶಲಕರ್ಮಿಗಳೇ ಬತ್ತಿ ಹಚ್ಚಿ ಹಾರಿಸುವ, ಹಲವು ಕೋಣೆಗಳ ತಿರುಗು ಬಂದೂಕು ಮಾಡಿದ್ದರು. 1851ರಲ್ಲಿ ಲಂಡನ್ನಿನ ಎಂಜಿನಿಯರುಗಳ ಸಂಸ್ಥೆಯಲ್ಲಿ ಭಾಷಣ ಮಾಡಿದಾಗ ಕೋಲ್ಟ್ ತಾನೇ ಅಂಥದ್ದೊಂದು ಭಾರತೀಯ ಬಂದೂಕನ್ನು ಹಳೆಯ ಉದಾಹರಣೆಯಾಗಿ ಎತ್ತಿಕೊಂಡ. ಅವನ ಹೆಚ್ಚುಗಾರಿಕೆ ಇದ್ದದ್ದು ತಿರುಗಿಸುವ ಉಪಾಯದಲ್ಲಲ್ಲ. ಕುದುರೆಯನ್ನು, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆಯನ್ನು, ಹಿಂದಕ್ಕೆಳೆದರೆ ಸಿಲಿಂಡರ್ ತಾನೇ ಒಂದು ಕೋಣೆ ತಿರುಗಿ ಸರಿಯಾಗಿ ನಳಿಗೆಯ ಎದುರಿಗೇ ಬೀಗ ಬೀಳುವಂತೆ ಮಾಡಿದ್ದು, ಮತ್ತು ಅದನ್ನು ಯಂತ್ರಗಳಿಂದ ಸಾವಿರ ಸಾವಿರವಾಗಿ ತಯಾರಿಸಿದ್ದು.

ಮೊದಲ ಕಾರ್ಖಾನೆ 1842ರಲ್ಲಿ ದಿವಾಳಿಯಾಯಿತು. ಕೋಲ್ಟ್‌ನನ್ನು ಎತ್ತಿ ನಿಲ್ಲಿಸಿದ್ದು ಮೆಕ್ಸಿಕೋ ಯುದ್ಧ. ಕ್ಯಾಪ್ಟನ್ ಸ್ಯಾಮುಯೆಲ್ ವಾಕರ್ ಎಂಬ ಅಧಿಕಾರಿ ಕುದುರೆ ಮೇಲಿಂದ ಹಾರಿಸಲು ದೊಡ್ಡದೊಂದು ರಿವಾಲ್ವರ್ ಬೇಕೆಂದ. 1847ರಲ್ಲಿ ಬಂದದ್ದೇ ವಾಕರ್ ಮಾದರಿ. ಒಂಬತ್ತು ಇಂಚಿನ ನಳಿಗೆ, .44 ಇಂಚಿನ ಗುಂಡು, ಪ್ರತಿ ಕೋಣೆಗೆ 60 ಗ್ರೇನ್, ಅಂದರೆ ಹತ್ತಿರಹತ್ತಿರ 4 ಗ್ರಾಂ ಮದ್ದು. ತೂಕ ಎರಡು ಕಿಲೋಗೂ ಮಿಗಿಲು. ಎರಡು ಕಿಲೋ ಜೋಳದ ಚೀಲವನ್ನು ಚಾಚಿದ ಒಂದೇ ಕೈಯಲ್ಲಿ ಅಲುಗದಂತೆ ಹಿಡಿದು ನೋಡಿ, ಗೊತ್ತಾಗುತ್ತದೆ. ಅದಕ್ಕೇ ಅದನ್ನು ಸೊಂಟಕ್ಕೆ ಕಟ್ಟದೆ ಕುದುರೆಯ ಜೀನಿಗೆ ನೇತುಹಾಕುತ್ತಿದ್ದರು. ಒಟ್ಟು ಮಾಡಿದ್ದು 1,100. ಗುಂಡಿನ ಶಕ್ತಿ ಸುಮಾರು 600 ಜೂಲ್. 1935ರಲ್ಲಿ .357 ಮ್ಯಾಗ್ನಮ್ ಬರುವವರೆಗೆ, ಅಂದರೆ ಹೆಚ್ಚುಕಡಿಮೆ ಒಂಬತ್ತು ದಶಕ, ಅಂಗಡಿಯಲ್ಲಿ ಮಾರಿದ ರಿವಾಲ್ವರುಗಳಲ್ಲಿ ವಾಕರ್‌ನದೇ ಮೇಲುಗೈ ಎಂದು ಹೇಳುವುದು ವಾಡಿಕೆ.

ವಾಡಿಕೆಯ ಮಾತನ್ನು ಸ್ವಲ್ಪ ಉಜ್ಜಿ ನೋಡಬೇಕು. ಆ ಕಾಲದ ಲೋಹ 60 ಗ್ರೇನ್ ಮದ್ದನ್ನು ತಾಳಿಕೊಳ್ಳುವಷ್ಟು ಗಟ್ಟಿಯಿರಲಿಲ್ಲ. ಸೈನಿಕರ ಕೈಯಲ್ಲೇ ಹಲವು ಸಿಲಿಂಡರುಗಳು ಒಡೆದವು. ಇನ್ನೊಂದು ಪೀಡೆ, ಹಾರಿಸಿದ ಹೊಡೆತಕ್ಕೆ ಸನ್ನೆಕೋಲು ಕಳಚಿ ಕೆಳಗೆ ಜೋತುಬಿದ್ದು ಸಿಲಿಂಡರನ್ನೇ ತಡೆಯುತ್ತಿತ್ತು. ಅದನ್ನು ಚರ್ಮದ ದಾರದಿಂದ ನಳಿಗೆಗೆ ಬಿಗಿದು ಕಟ್ಟಿಕೊಳ್ಳುತ್ತಿದ್ದರು. ಮರುವರ್ಷವೇ ಕೋಲ್ಟ್ ಕೋಣೆಯನ್ನು ಗಿಡ್ಡ ಮಾಡಿ, ನಳಿಗೆ ಕತ್ತರಿಸಿ, ಡ್ರಗೂನ್ ಎಂಬ ತಿದ್ದಿದ ಮಾದರಿ ತಂದ. ಬಲದ ಪಟ್ಟಿಯಲ್ಲಿ ಮೊದಲು ನಿಂತದ್ದನ್ನು ಅದನ್ನು ಮಾಡಿದವನೇ ಒಂದೇ ವರ್ಷಕ್ಕೆ ಕೈಬಿಟ್ಟ. ತನ್ನ ಹೆಸರಿನ ರಿವಾಲ್ವರ್ ಕೈಸೇರಿದ ಕೆಲವೇ ದಿನಗಳಲ್ಲಿ, 1847ರ ಅಕ್ಟೋಬರಿನಲ್ಲಿ, ವಾಕರ್ ಮೆಕ್ಸಿಕೋದ ಹುವಾಮಾಂಟ್ಲಾದಲ್ಲಿ ಸತ್ತ.

ಕೋಲ್ಟ್‌ನಿಗೆ ನಿಜವಾದ ಹಣ ತಂದದ್ದು ಹಗುರ ಮಾದರಿಗಳು. 1851ರ ನೇವಿ, .36 ಇಂಚಿನದು, ಶಕ್ತಿ 200 ಜೂಲ್‌ನ ಆಸುಪಾಸು. 1860ರ ಆರ್ಮಿ, .44 ಇಂಚಿನದಾದರೂ ತೂಕ 1.2 ಕಿಲೋ ಮಾತ್ರ, ಶಕ್ತಿ 300 ಜೂಲ್‌ನ ಒಳಗೆ. ವಾಕರ್‌ನ ಅರ್ಧ ಬಲದ ಈ ಎರಡನೆಯದು ಅಮೆರಿಕದ ಅಂತರ್ಯುದ್ಧಕ್ಕೆ ಸಾಕಾಯಿತು. ಸುಮಾರು ಎರಡು ಲಕ್ಷ ತಯಾರಾದವು. ಅದರ ಎದುರಾಳಿ ರೆಮಿಂಗ್ಟನ್, 1858ರ ಪೇಟೆಂಟಿನ ಹೆಸರಲ್ಲೇ ಇಂದಿಗೂ ಗುರುತು. ಕೋಲ್ಟ್‌ನ ಸಿಲಿಂಡರಿನ ಮೇಲ್ಭಾಗ ಬಯಲು, ನಳಿಗೆಯನ್ನು ಒಂದು ಬೆಣೆಯಿಂದ ಸಿಕ್ಕಿಸಿರುತ್ತಾರೆ. ರೆಮಿಂಗ್ಟನ್ನಿನಲ್ಲಿ ಮೇಲೂ ಒಂದು ಉಕ್ಕಿನ ಪಟ್ಟಿ ಹಾದುಹೋಗಿ ಇಡೀ ಚೌಕಟ್ಟು ಒಂದೇ ತುಂಡಾಗುತ್ತದೆ. ನೋಡಲು ಕೋಲ್ಟ್ ಚೆಲುವ, ಬಾಳಿಕೆಗೆ ರೆಮಿಂಗ್ಟನ್. ಹತ್ತೊಂಬತ್ತನೆಯ ಶತಮಾನದ ಮದ್ದು-ಕೇಪಿನ ರಿವಾಲ್ವರುಗಳಲ್ಲಿ ಒಂದನ್ನು ಆರಿಸು ಎಂದರೆ ನನ್ನ ಬೆರಳು ರೆಮಿಂಗ್ಟನ್ ಕಡೆಗೇ ಹೋಗುತ್ತದೆ. ನ್ಯೂ ಆರ್ಲಿಯನ್ಸಿನ ಲೆಮ್ಯಾಟ್ ಒಂದಿದೆ: ಒಂಬತ್ತು ಗುಂಡು, ನಡುವೆ ಚರೆ ತುಂಬುವ ಇನ್ನೊಂದು ನಳಿಗೆ. ಜಾತ್ರೆಯಲ್ಲಿಟ್ಟರೆ ಜನ ಸೇರುತ್ತಾರೆ, ಅದಕ್ಕಿಂತ ಹೆಚ್ಚಿನ ಗೌರವ ಅದಕ್ಕೆ ಬೇಡ.

ಐದು ಗುಂಡು ತಿಂದು ಬಂದವನು

ಇತ್ತ ಭಾರತದಲ್ಲಿ ಕಂಪನಿಯ ಅಧಿಕಾರಿಗಳ ಮುಂದೆ ಎರಡು ಆಯ್ಕೆ ಇದ್ದವು. ಒಂದು ಕೋಲ್ಟ್ ನೇವಿ. ಕೋಲ್ಟ್ ಲಂಡನ್ನಿನಲ್ಲೇ ಕಾರ್ಖಾನೆ ತೆರೆದಿದ್ದ. ಇನ್ನೊಂದು ಇಂಗ್ಲೆಂಡಿನ ರಾಬರ್ಟ್ ಆಡಮ್ಸ್ 1851ರಲ್ಲಿ ಪೇಟೆಂಟ್ ಪಡೆದ ಐದೀಡಿನ ರಿವಾಲ್ವರ್. ಕೋಲ್ಟ್‌ನಲ್ಲಿ ಪ್ರತಿ ಈಡಿಗೂ ಹೆಬ್ಬೆರಳಿನಿಂದ ಕುದುರೆ ಎಳೆಯಬೇಕು. ಆಡಮ್ಸ್‌ನಲ್ಲಿ ಟ್ರಿಗರ್ ಒತ್ತುತ್ತಾ ಹೋದರೆ ಸಾಕು, ಕುದುರೆ ತಾನೇ ಎದ್ದು ತಾನೇ ಬೀಳುತ್ತದೆ. ಕ್ರೈಮಿಯಾ ಯುದ್ಧದಿಂದ ಬಂದ ಲೆಫ್ಟಿನೆಂಟ್ ಬ್ಯೂಮಾಂಟ್ 1855ರಲ್ಲಿ ಅದನ್ನು ತಿದ್ದಿ, ಎರಡೂ ರೀತಿಯಲ್ಲಿ ಹಾರಿಸುವಂತೆ ಮಾಡಿದ. ಗುರಿ ಇಡಲು ಕೋಲ್ಟ್ ಮೇಲು. ಕೈಗೆ ಕೈ ಹತ್ತಿದ ಜಗಳದಲ್ಲಿ ಆಡಮ್ಸ್ ಮೇಲು. ಅದರ ಗುಂಡು ನಿಧಾನ, ಆದರೆ .44 ಇಂಚಿನ ದಪ್ಪದ್ದು.

ಈ ವಾದಕ್ಕೆ ಒಂದು ಪ್ರಸಿದ್ಧ ಸಾಕ್ಷಿ ಇದೆ. ವಿಕ್ಟೋರಿಯಾ ಕ್ರಾಸ್ ಪಡೆದ, ಮುಂದೆ ತನ್ನ ಹೆಸರಿನದೇ ಒಂದು ರಿವಾಲ್ವರ್ ರೂಪಿಸಿದ ಕರ್ನಲ್ ಫಾಸ್ಬರಿ 1896ರಲ್ಲಿ ಲಂಡನ್ನಿನ ಭಾಷಣವೊಂದರಲ್ಲಿ ಹೇಳಿದ್ದು. ಸಿಪಾಯಿ ದಂಗೆಯ ಕಾಲದಲ್ಲಿ ಗುರಿಕಾರನೆಂಬ ಹೆಮ್ಮೆಯಿದ್ದ ಅಧಿಕಾರಿಯೊಬ್ಬ ಕತ್ತಿ ಹಿಡಿದು ನುಗ್ಗಿದ ಸಿಪಾಯಿಯ ಮೇಲೆ ತನ್ನ ಕೋಲ್ಟ್ ನೇವಿಯನ್ನು ಪೂರ್ತಿ ಖಾಲಿ ಮಾಡಿದ. ಏನಾಯಿತೆಂದು ನೋಡಲು ಒಂದು ಕ್ಷಣ ನಿಂತ. ಆ ಕ್ಷಣದಲ್ಲಿ ಸಿಪಾಯಿಯ ಕತ್ತಿ ಅವನ ತಲೆಯನ್ನು ಹಲ್ಲಿನವರೆಗೆ ಸೀಳಿತು. ಆಮೇಲೆ ಸಿಪಾಯಿಯೂ ಪಕ್ಕದಲ್ಲೇ ಬಿದ್ದು ಸತ್ತ. ಆರರಲ್ಲಿ ಐದು ಗುಂಡು ಎದೆಯಲ್ಲಿ ಒತ್ತೊತ್ತಾಗಿ ನೆಟ್ಟು ಬೆನ್ನಿನಿಂದ ಹೊರಬಿದ್ದಿದ್ದವಂತೆ.

ಬಂದೂಕಿನ ಪುಸ್ತಕಗಳಲ್ಲಿ ನೂರಾರು ಸಲ ಈ ಕಥೆ ಮರುಕಳಿಸುತ್ತದೆ, ಪ್ರತಿ ಸಲವೂ ಚಿಕ್ಕ ಗುಂಡು ಬೇಡ, ದೊಡ್ಡ ಗುಂಡು ಬೇಕು ಎಂಬ ತೀರ್ಪಿಗಾಗಿ. ಐದು ಗುಂಡು ಎದೆಗೆ ಹೊಕ್ಕರೂ ಹೆಜ್ಜೆ ನಿಲ್ಲಿಸದವನು ಯಾರು, ಅವನನ್ನು ಅಷ್ಟು ದೂರ ನಡೆಸಿದ ಸಿಟ್ಟು ಯಾವುದು, ಎಂದು ಆ ಪುಸ್ತಕಗಳು ಕೇಳುವುದಿಲ್ಲ. ರಿವಾಲ್ವರಿನ 'ಎದುರಾಳಿಯನ್ನು ನಿಲ್ಲಿಸುವ ಬಲ' ಎಂದು ಇಂದು ಜಗತ್ತೆಲ್ಲ ಚರ್ಚಿಸುವ ಲೆಕ್ಕಾಚಾರಕ್ಕೆ ವಸಾಹತು ಯುದ್ಧಗಳೇ ಪ್ರಯೋಗಶಾಲೆ. ಮುಂದೆ ಬ್ರಿಟಿಷ್ ಸೈನ್ಯ 1887ರಲ್ಲಿ ಒಪ್ಪಿಕೊಂಡ ವೆಬ್ಲಿ ರಿವಾಲ್ವರಿನ .455 ಗುಂಡು ನಿಧಾನ, ದಪ್ಪ, ಭಾರ. ಕಲ್ಕತ್ತೆ ಬಳಿಯ ದಮ್ ದಮ್ ಕಾರ್ಖಾನೆ ಮೈಯೊಳಗೆ ಅರಳುವ ಬಂದೂಕಿನ ಗುಂಡು ಮಾಡಿತು. 1899ರ ಹೇಗ್ ಸಮ್ಮೇಳನ ಅಂಥ ಗುಂಡುಗಳನ್ನು ನಿಷೇಧಿಸುವವರೆಗೂ ಈ ಓಟ ನಿಲ್ಲಲಿಲ್ಲ.

ಈಗ ಸುರೇಬಾನದ ಲೆಕ್ಕ ಬಿಡಿಸಬಹುದು. ಕತ್ತಲು, ನಿದ್ದೆಗಣ್ಣು, ಪಲ್ಲಕ್ಕಿಯ ಇಕ್ಕಟ್ಟು, ಎದುರಿಗೆ ಒಬ್ಬನಲ್ಲ, ಒಂದು ಗುಂಪು. ಅಲ್ಲಿ 200 ಜೂಲ್ ಇದ್ದರೇನು, 600 ಇದ್ದರೇನು? ಮೊದಲ ಈಡಿಗೆ ಎದ್ದ ಬಿಳಿ ಹೊಗೆಯೇ ಕಣ್ಣು ಕಟ್ಟಿರಬೇಕು. ಖಾಲಿಯಾದ ಮೇಲೆ ಮತ್ತೆ ತುಂಬಲು ಐದಾರು ನಿಮಿಷ ಬೇಕು, ಅಷ್ಟು ಪುರುಸೊತ್ತನ್ನು ಯಾವ ಶತ್ರುವೂ ಕೊಡುವುದಿಲ್ಲ. ಇದೇ ಧಾರವಾಡ ಸೀಮೆಯಲ್ಲಿ 1824ರ ಅಕ್ಟೋಬರ್ 23ರಂದು ಕಿತ್ತೂರಿನ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತಾಗ ಸಾಹೇಬರ ಪಿಸ್ತೂಲಿನಲ್ಲಿ ಒಂದೇ ಈಡು, ಚಕಮಕಿ ಕಲ್ಲು. ಅವನನ್ನು ಹೊಡೆದವನು ಅಮಟೂರ ಬಾಳಪ್ಪ ಎಂದು ಜನ ನೆನೆಯುತ್ತಾರೆ. ಮೂವತ್ತನಾಲ್ಕು ವರ್ಷಗಳಲ್ಲಿ ಒಂದು ಈಡು ಐದಾರಾಯಿತು, ಕಲ್ಲು ಹೋಗಿ ಕೇಪು ಬಂತು. ಸಾಹೇಬನ ಗತಿ ಬದಲಾಗಲಿಲ್ಲ.

ಕಿತ್ತುಕೊಂಡವರ ಬಲ

ಬದಲಾದದ್ದು ಬೇರೆಡೆ. 1857ರ ಸೆಪ್ಟೆಂಬರಿನಲ್ಲಿ ಕಂಪನಿ ಸರ್ಕಾರ ಆಯುಧ ಕಾಯ್ದೆ ತಂದಿತು. ಕತ್ತಿ, ಬಂದೂಕು, ಮದ್ದು ಏನೇ ಇದ್ದರೂ ಪರವಾನಗಿ ಬೇಕು, ಇಲ್ಲವೇ ಒಪ್ಪಿಸಬೇಕು. ನವೆಂಬರಿನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆ ಅವರ ಕಸುಬು, ಆಯುಧ ಅವರ ಮಾನ. ಊರಿಗೆ ಬೆಂಕಿ ಬಿತ್ತು, ಸೆರೆಸಿಕ್ಕ ಹಲವರಿಗೆ ಗಲ್ಲಾಯಿತು. ಆ ಸಂಕಟ ಇಂದಿಗೂ ಲಾವಣಿಯಾಗಿ ಉಳಿದಿದೆ. ನರಗುಂದಕ್ಕೂ ಅದೇ ಅಪ್ಪಣೆ ಬಂತು: ಕೋಟೆಯ ತೋಪು, ಮದ್ದು ಧಾರವಾಡಕ್ಕೆ ಕಳಿಸಿ. ಬಾಬಾಸಾಹೇಬರು ದಂಗೆ ಏಳಲು ದತ್ತಕದ ಅವಮಾನ ಒಂದು ಕಾರಣವಾದರೆ, ಕೋಟೆಯನ್ನು ಬರಿದು ಮಾಡುವ ಈ ಒತ್ತಾಯ ಇನ್ನೊಂದು. ಅದೇ ದಿನಗಳಲ್ಲಿ ಮುಂಡರಗಿ ಭೀಮರಾಯರು ಡಂಬಳದ ಖಜಾನೆಗೆ ಕೈ ಹಾಕಿ, ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತಾ ಮಡಿದರು.

ಹಾಗಾಗಿ ರಿವಾಲ್ವರ್ ನಮ್ಮ ಸೀಮೆಗೆ ಬಂದ ಹೊತ್ತೂ, ನಮ್ಮ ಜನರ ಬಂದೂಕು ಹೋದ ಹೊತ್ತೂ ಒಂದೇ. 1878ರ ಕಾಯ್ದೆ ಇದನ್ನು ಇನ್ನಷ್ಟು ಬಿಗಿ ಮಾಡಿತು. ಯುರೋಪಿಯನ್ನರಿಗೆ ಪರವಾನಗಿಯಿಂದ ವಿನಾಯಿತಿ, ನಮ್ಮವರಿಗೆ ನಿರ್ಬಂಧ. ಒಬ್ಬನ ಕೈಯಲ್ಲಿ ಆರೀಡು, ಎದುರಿಗಿದ್ದ ನೂರು ಜನರ ಕೈ ಬರಿದು: ರಿವಾಲ್ವರಿಗೆ ಭಾರತದಲ್ಲಿ ಸಿಕ್ಕ ಬಲ ಇದು, ಇದನ್ನು ಜೂಲ್‌ನಲ್ಲಿ ಅಳೆಯಲಾಗದು. ಕರ್ನಾಟಕದಲ್ಲಿ ಈ ಬಿಗಿಯಿಂದ ತಪ್ಪಿಸಿಕೊಂಡದ್ದು ಕೊಡಗು. ಅಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರು ಕೊಟ್ಟ ವಿನಾಯಿತಿ ಇಂದಿಗೂ ಮುಂದುವರಿದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವೇರಿಸುವ ಮನೆಗಳು ಅಲ್ಲಿವೆ. ರೋಣ, ನರಗುಂದದ ಕಡೆ ಬಂದೂಕೆಂದರೆ ಬೆಳೆ ರಕ್ಷಣೆಯ ಲೈಸೆನ್ಸು. ಚುನಾವಣೆ ಘೋಷಣೆಯಾದರೆ ಅದೂ ಠಾಣೆಗೆ. ಅಸೂಟಿಯಂಥ ಊರಿನಲ್ಲಿ ರಿವಾಲ್ವರ್ ಕಾಣಬೇಕೆಂದರೆ ಪೊಲೀಸ್ ಸಾಹೇಬರ ಸೊಂಟ, ಇಲ್ಲವೇ ಸಿನಿಮಾ. 1973ರಲ್ಲೇ ದ್ವಾರಕೀಶ್ 'ಕೌಬಾಯ್ ಕುಳ್ಳ'ನಾಗಿ ಕುದುರೆ ಏರಿದ್ದು ಸುಮ್ಮನೆ ಅಲ್ಲ.

ಸತ್ತ ಮೇಲೆ ಹುಟ್ಟಿದ ಹೊಸ ಪೀಳಿಗೆ

ಮದ್ದು-ಕೇಪಿನ ರಿವಾಲ್ವರಿಗೆ ಸಾವು ತಂದದ್ದು ಹಿತ್ತಾಳೆಯ ಕಾಡತೂಸು. ಮದ್ದು, ಗುಂಡು, ಕೇಪು ಮೂರೂ ಒಂದೇ ಕೊಳವೆಯಲ್ಲಿ. 1873ರ ಕೋಲ್ಟ್ ಸಿಂಗಲ್ ಆಕ್ಷನ್ ಕೂಡ ಕರಿಮದ್ದಿನದೇ: .45 ಇಂಚು, 40 ಗ್ರೇನ್ ಮದ್ದು. ಭಾರವಾದ ಗುಂಡಿನಿಂದಾಗಿ ಅದು ವಾಕರ್‌ನ ಅರ್ಧದಷ್ಟು ತೂಕದಲ್ಲಿ ವಾಕರ್‌ನಷ್ಟೇ ಶಕ್ತಿ ಕೊಡುತ್ತಿತ್ತು. ವಾಕರ್ ತೊಂಬತ್ತು ವರ್ಷ ಸಿಂಹಾಸನದಲ್ಲಿತ್ತು ಎನ್ನುವವರು ಈ ಸಂಗತಿಯನ್ನು ಮೆಲ್ಲನೆ ದಾಟಿಬಿಡುತ್ತಾರೆ. 1884ರಲ್ಲಿ ಫ್ರಾನ್ಸಿನಲ್ಲಿ ಹೊಗೆಯಿಲ್ಲದ ಮದ್ದು ಬಂದಮೇಲೆ ಕರಿಮದ್ದಿನ ಕಾಲವೇ ಮುಗಿಯಿತು.

ಮುಗಿದದ್ದು ಮತ್ತೆ ಎದ್ದದ್ದು 1950ರ ದಶಕದ ಕೊನೆಗೆ. ಅಂತರ್ಯುದ್ಧದ ಶತಮಾನೋತ್ಸವ ಹತ್ತಿರವಾದಾಗ ಅಮೆರಿಕದ ನೇವಿ ಆರ್ಮ್ಸ್ ಕಂಪನಿಯ ವ್ಯಾಲ್ ಫೋರ್ಗೆಟ್ ಹಳೆಯ ಕೋಲ್ಟ್ ನೇವಿಯ ನಕಲು ಮಾಡಿಸಲು ಇಟಲಿಗೆ ಹೋದ. ಗಾರ್ದೊನೆ ವಾಲ್ ತ್ರೊಂಪಿಯಾ ಎಂಬ ಕಣಿವೆಯ ಊರು ನೂರಾರು ವರ್ಷಗಳಿಂದ ಬಂದೂಕಿನ ಕಸುಬಿನದು. ಅಲ್ಲಿ 1959ರಲ್ಲಿ ಆಲ್ದೊ ಉಬೆರ್ತಿ ಕಟ್ಟಿದ ಕಾರ್ಖಾನೆ ಇಂದು ವಾಕರ್, ಡ್ರಗೂನ್, ನೇವಿ, ರೆಮಿಂಗ್ಟನ್ ಎಲ್ಲದರ ನಕಲನ್ನೂ ಮಾಡುತ್ತದೆ. ಪಿಯೆತ್ತಾ ಎಂಬ ಮತ್ತೊಂದು ಕಂಪನಿಯೂ ಅದೇ ಪ್ರಾಂತದ್ದು. ಇಂದಿನ ಉಕ್ಕು ಗಟ್ಟಿ, ಸಿಲಿಂಡರ್ ಒಡೆಯುವ ಭಯ ಬಹುಪಾಲು ಹೋಗಿದೆ. ಉಬೆರ್ತಿಯ ವಾಕರ್ ಮೂಲ ವಾಕರ್‌ಗಿಂತ ನಂಬಿಕಸ್ಥ. ಆದರೂ ಸನ್ನೆಕೋಲು ಇಂದಿಗೂ ಜೋತುಬೀಳುತ್ತದೆ. ನಕಲು ಎಂದರೆ ದೋಷವನ್ನೂ ಸೇರಿಸಿ ನಕಲು.

ದೋಷ ಬೇಡವೆಂದು ಹೊಸದಾಗಿ ಯೋಚಿಸಿದವನು ಬಿಲ್ ರೂಗರ್. 1972ರಲ್ಲಿ ಅವನ ಕಂಪನಿ ಓಲ್ಡ್ ಆರ್ಮಿ ಎಂಬ ಮದ್ದು-ಕೇಪಿನ ರಿವಾಲ್ವರ್ ಹೊರತಂದಿತು. ಹೆಸರು ಹಳೆಯದು, ಮೈ ಹೊಸದು. ತಮ್ಮದೇ ಮ್ಯಾಗ್ನಮ್ ರಿವಾಲ್ವರಿನ ಒಳಯಂತ್ರ, ರೆಮಿಂಗ್ಟನ್ನಿನಂತೆ ಮುಚ್ಚಿದ ಚೌಕಟ್ಟು, ಮುರಿಯುವ ಪಟ್ಟಿ ಸ್ಪ್ರಿಂಗಿನ ಬದಲು ಸುರುಳಿ ಸ್ಪ್ರಿಂಗು, ಮುಂದೆ ಸ್ಟೇನ್‌ಲೆಸ್ ಉಕ್ಕು. 40 ಗ್ರೇನ್ ಮದ್ದಿಗೆ 400 ಜೂಲ್ ದಾಟುತ್ತದೆ. ಕಾಗದದ ಮೇಲೆ ವಾಕರ್‌ಗೆ ಸೋಲು. ಕೈಯಲ್ಲಿ ಹಿಡಿದು ದಿನವಿಡೀ ಹಾರಿಸುವವನಿಗೆ ಗೆಲುವು: ತೂಕ 1.3 ಕಿಲೋ, ಗುರಿ ನಿಖರ, ಮಸಿ ಕಟ್ಟಿದರೂ ತಿರುಗುತ್ತದೆ. 2008ರಲ್ಲಿ ತಯಾರಿಕೆ ನಿಂತರೂ ಹಳೆಯವನ್ನು ಹುಡುಕಿ ಕೊಳ್ಳುವವರು ಇದ್ದಾರೆ. ಕರಿಮದ್ದಿನ ರಿವಾಲ್ವರುಗಳಲ್ಲಿ ಅತ್ಯುತ್ತಮ ಯಂತ್ರ ಯಾವುದು ಎಂದರೆ ನನ್ನ ಉತ್ತರ ಇದೇ. ಯಾವ ಯುದ್ಧವನ್ನೂ ನೋಡದ, ಕರಿಮದ್ದು ಸತ್ತು ಎಂಬತ್ತು ವರ್ಷದ ಮೇಲೆ ಹುಟ್ಟಿದ ಈ ಆಟದ ಸಾಮಾನು.

ಈ ಮರುಹುಟ್ಟಿನ ಬೆನ್ನ ಹಿಂದೆಯೂ ಕಾಯ್ದೆಯೇ ಇದೆ. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆ ಮದ್ದು ತುಂಬುವ ಹಳೆಯ ಮಾದರಿಗಳನ್ನೂ ಅವುಗಳ ನಕಲುಗಳನ್ನೂ ಪುರಾತನ ವಸ್ತುಗಳ ಸಾಲಿಗೆ ಸೇರಿಸಿ ಬಹುಮಟ್ಟಿಗೆ ಹೊರಗಿಟ್ಟಿತು. ಬ್ರಿಟನ್ನಿನಲ್ಲಿ ಶಾಲೆಯೊಂದರ ಹತ್ಯಾಕಾಂಡದ ನಂತರ 1997ರಲ್ಲಿ ಪಿಸ್ತೂಲುಗಳನ್ನು ನಿಷೇಧಿಸಿದಾಗ, ಮದ್ದು ತುಂಬುವ ರಿವಾಲ್ವರಿಗೆ ಪರವಾನಗಿಯ ಮೇಲೆ ಅವಕಾಶ ಉಳಿಯಿತು. ಅಲ್ಲಿನ ಗುರಿಕಾರರು ರೂಗರ್ ಓಲ್ಡ್ ಆರ್ಮಿಗೆ ಮುಗಿಬಿದ್ದದ್ದು ಇತಿಹಾಸದ ಮೇಲಿನ ಪ್ರೀತಿಗಿಂತ ಈ ಕಿಂಡಿಯಿಂದ. ಮದ್ದು ತುಂಬುವ ಬಂದೂಕುಗಳಿಗೆ 1971ರಿಂದ ಅಂತರರಾಷ್ಟ್ರೀಯ ಪಂದ್ಯಗಳೂ ನಡೆಯುತ್ತವೆ. ರಿವಾಲ್ವರ್ ಪಂದ್ಯದಲ್ಲಿ 25 ಮೀಟರ್ ದೂರದ ಗುರಿಗೆ ಅರ್ಧ ಗಂಟೆಯಲ್ಲಿ ಹದಿಮೂರು ಈಡು. ಅಲ್ಲಿ ವಾಕರ್‌ನಂತೆ 60 ಗ್ರೇನ್ ಯಾರೂ ಸುರಿಯುವುದಿಲ್ಲ. ಗುಂಡು ಕಾಗದ ತೂರುವಷ್ಟು ಮದ್ದು ಸಾಕು, ಕಡಿಮೆ ಮದ್ದಿಗೆ ಗುರಿಯೂ ನೆಟ್ಟಗೆ.

ಹಳೆಯ ವಾಡೆಯಲ್ಲಿ ಸಿಕ್ಕರೆ

ಭಾರತದಲ್ಲಿ ಇಂಥ ನಕಲು ರಿವಾಲ್ವರಿಗೆ ರಿಯಾಯಿತಿ ಇಲ್ಲ. 1959ರ ಆಯುಧ ಕಾಯ್ದೆಗೆ ಮದ್ದು ಕರಿಯೋ ಬಿಳಿಯೋ ಎಂಬ ಭೇದವಿಲ್ಲ. ಹಾರುವುದಾದರೆ ಅದು ಬಂದೂಕು, ಲೈಸೆನ್ಸು ಬೇಕು. ಕಾಲ ಮೀರಿದ ಮಾದರಿಯದಾಗಿದ್ದು, ರಿಪೇರಿ ಮಾಡಿದರೂ ಹಾರದಂಥದ್ದಕ್ಕೆ ಮಾತ್ರ ಕಾಯ್ದೆ ಕಣ್ಣು ಮುಚ್ಚುತ್ತದೆ. ನೂರು ವರ್ಷ ದಾಟಿದ್ದಾದರೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅನ್ವಯಿಸಿ, ದೇಶದ ಹೊರಗೆ ಮಾರುವಂತಿಲ್ಲ.

ದೇಸಾಯಿ, ನಾಡಗೌಡರ ವಾಡೆಗಳಿರುವ ಸೀಮೆ ಇದು. ಗೋಡೆಯ ಗೂಡಿನಲ್ಲೋ ಹಗೇವಿನಲ್ಲೋ ಹಳೆಯ ಪಿಸ್ತೂಲೊಂದು ಸಿಕ್ಕರೆ ಠಾಣೆಗೆ ತಿಳಿಸಬೇಕು. ಅದಕ್ಕೂ ಮೊದಲು ಮಾಡಬೇಕಾದ ಕೆಲಸವೆಂದರೆ ಏನನ್ನೂ ಮಾಡದಿರುವುದು. ಎಣ್ಣೆ ಬಿಡಬೇಡಿ, ಕುದುರೆ ಎಳೆಯಬೇಡಿ, ತುಕ್ಕು ಬಿಡಿಸಲು ಬೆಂಕಿಗೆ ಹಿಡಿಯಬೇಡಿ, ನಳಿಗೆಯೊಳಗೆ ಇಣುಕಬೇಡಿ. ತೇವ ತಾಗದೆ ಒಣಗಿ ಕೂತಿದ್ದರೆ ಕರಿಮದ್ದು ನೂರು ವರ್ಷವಾದರೂ ಸಾಯುವುದಿಲ್ಲ. ಈಡು ತುಂಬಿಯೇ ಇಟ್ಟು ಮರೆತ ಬಂದೂಕುಗಳು ವಸ್ತುಸಂಗ್ರಹಾಲಯಗಳಿಗೂ ಬಂದಿವೆ.